ಅಗ್ನಸ್ ಸಿಸ್ಟರ್ ಗೋಡೆಗಿಟ್ಟ ಬೊಟ್ಟುಗಳು

ಷರತ್ತು ಹಾಕದೆ ಅಗ್ನಸ್ ಸಿಸ್ಟರ್ ಒಂದು ಮಾತಾಡಿದ್ದನ್ನು ಕಾಣಿಯೂರಿನಲ್ಲಿ ಕೇಳಿದವರಿಲ್ಲ. ನೆಲ್ಯಾಡಿಯ ಇಗರ್ಜಿಯಲ್ಲಿ ಅವರ ಮದುವೆಯ ದಿನ, "ಇಟ್ಟಿಯನ್ನು ಗಂಡನಾಗಿ ಒಪ್ಪುತ್ತೀಯಾ?" ಎಂದು ಪಾದ್ರಿ ಕೇಳಿದಾಗ, "ಬೀಡಿ ಬಿಟ್ಟರೆ ಹೌದು, ಇಲ್ಲದಿದ್ದರೆ ಮುಂದಿನ ಭಾನುವಾರ ನೋಡುವ" ಎಂದರಂತೆ. ಇಟ್ಟಿ ಅಲ್ಲಿಯೇ ಬೀಡಿಕಟ್ಟನ್ನು ಕಿಟಕಿಯಾಚೆ ಎಸೆದರಂತೆ. ಇದನ್ನು ಕಣ್ಣಾರೆ ಕಂಡವರು ನಮ್ಮೂರಲ್ಲಿ ಹಲವರಿದ್ದಾರೆ. ಅವರಲ್ಲಿ ಯಾರೂ ಆ ಮದುವೆಗೆ ಹೋಗಿರಲಿಲ್ಲ ಎನ್ನುವುದು ಬೇರೆ ಮಾತು.

ನಮ್ಮ ಆರೋಗ್ಯ ಉಪಕೇಂದ್ರಕ್ಕೆ ಅವರು ನರ್ಸ್ ಆಗಿ ಬಂದದ್ದು ಎಪ್ಪತ್ತರ ದಶಕದ ಕೊನೆಗೆ. ಎದುರಿಗೇ ನನ್ನ ಸೈಕಲ್ ಅಂಗಡಿ. ಬಂದ ಬೇಸಿಗೆಯಲ್ಲೇ ಅವರು ಕೇಂದ್ರದ ಜಗಲಿಯ ಗೋಡೆಯ ಮೇಲೆ ಮಸಿಯಿಂದ ಇಡೀ ಊರಿನ ನಕ್ಷೆ ಬರೆದರು: ನಡುವೆ ಹೊಳೆ, ಅದನ್ನು ದಾಟಲು ಅಡಕೆಮರದ ಸಂಕ, ಎರಡೂ ಕಡೆ ಮನೆಗಳು. ಬಸುರಿ ಇರುವ ಪ್ರತಿ ಮನೆಗೂ ಒಂದೊಂದು ಬೊಟ್ಟು.

ಬೊಟ್ಟಿನ ಬಣ್ಣಕ್ಕೂ ಷರತ್ತು. ಮನೆ ಹೊಳೆಯಾಚೆ ಇದ್ದರೆ ಕಾವಿಯ ಕೆಂಪು. ಆ ಬಸುರಿಯನ್ನು ನೀರೇರುವ ಮೊದಲೇ ಈಚೆ ಕರೆತರಬೇಕು. ಈಚೆ ಇದ್ದೂ ಜೀಪು ಹೋಗುವ ದಾರಿ ಇಲ್ಲದಿದ್ದರೆ ಬಟ್ಟೆಗೆ ಹಾಕುವ ನೀಲಿ. ಹೊತ್ತು ತರಲು ನಾಲ್ಕು ಹೆಗಲು ಗೊತ್ತುಮಾಡಬೇಕು. ಎರಡೂ ಅಲ್ಲದಿದ್ದರೆ ಬರೀ ಸುಣ್ಣ. ನೋವು ಬಂದಾಗ ಊರಿನ ಬಾಡಿಗೆ ಜೀಪಿನ ಹಕೀಮನನ್ನು ಕರೆದರೆ ಸಾಕು.

ನನ್ನ ಹೆಂಡತಿ ವಸುಮತಿಗೆ ಜಡಿಮಳೆಯ ಆಟಿ ತಿಂಗಳಲ್ಲಿ ದಿನ ತುಂಬುವುದಿತ್ತು. ನಮ್ಮ ಮನೆ ಈಚೆ, ರಸ್ತೆಯ ಬದಿಯಲ್ಲಿ. ಸುಣ್ಣದ ಬೊಟ್ಟು ಬಿತ್ತು. ಚಕ್ರವರ್ತಿಯ ಕಿರೀಟವೇ ನನ್ನ ತಲೆಗೆ ಬಂದ ಹಾಗೆ ನಾನು ಊರೆಲ್ಲ ಬೀಗಿಕೊಂಡು ತಿರುಗಿದೆ.

ಹಕೀಮನ ಹೆಂಡತಿ ಪಾತುವೂ ಆಗ ಬಸುರಿ. ಒಂದು ದಿನ ಅವನು ಜೀಪು ನಿಲ್ಲಿಸಿ ಗೋಡೆಯ ಮುಂದೆ ಬಹಳ ಹೊತ್ತು ನಿಂತ.

"ಸಿಸ್ಟರೇ, ನನ್ನ ಮನೆಗೆ ಬಿಳಿ ಹಾಕಿದ್ದೀರಿ. ಆದ್ರೆ ಪಾತು ಅಲ್ಲಿ ಎಲ್ಲಿದ್ದಾಳೆ? ಚೊಚ್ಚಲಿಗೆ ಉಮ್ಮನ ಮನೆಗೆ ಹೋಗುದಲ್ವಾ? ಹೊಳೆ ಆಚೆ! ನಾನು ಜೀಪು ತಂದು ನನ್ನ ಮನೆ ಮುಂದೆ ಹಾರ್ನ್ ಹೊಡೆದ್ರೆ ಹೆರುದು ಯಾರು, ನಾನಾ?"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗು ಅರ್ಧಕ್ಕೇ ನಿಂತಿತು. ಸೀಮಂತ ಮುಗಿಸಿ ವಸುಮತಿಯನ್ನು ಕಳಿಸಿದ್ದು ಅವಳ ತವರಿಗೆ. ಆ ತವರಿದ್ದದ್ದೂ ಹೊಳೆಯಾಚೆ.

"ಅಯ್ಯೋ ಕರ್ತಾವೇ! ನನ್ನ ಚೊಚ್ಚಲನ್ನೂ ನಾನು ಅಮ್ಮನ ಮನೆಯಲ್ಲೇ ಹೆತ್ತದ್ದು. ಅದೇ ಮರ್ತುಹೋಯ್ತು ನೋಡಿ" ಎಂದು ಸಿಸ್ಟರ್ ತಲೆಗೆ ಕೈ ಇಟ್ಟುಕೊಂಡರು. ಮರುಕ್ಷಣವೇ ಸುಣ್ಣದ ಬಾಲ್ದಿ ಹಕೀಮನ ಕೈಗೆ ಬಂತು. "ತಪ್ಪು ಹಿಡಿದವರೇ ಬಳಿಯುದು."

ಹಳೆಯ ಬೊಟ್ಟುಗಳೆಲ್ಲ ಅಳಿದವು. ಈಗ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಚೊಚ್ಚಲಾದರೆ ತವರುಮನೆ ನೋಡು, ಇಲ್ಲದಿದ್ದರೆ ಗಂಡನ ಮನೆ ನೋಡು. ಹೊಳೆ, ದಾರಿ ಎಲ್ಲ ಆಮೇಲೆ. ಪಾತುವಿನ ಬೊಟ್ಟು ಸಂಕ ದಾಟಿ ಕೆಂಪಾಯಿತು. ವಸುಮತಿಯದೂ ಕೆಂಪಾಯಿತು. ನನ್ನ ಕಿರೀಟ ಹೊಳೆಗೆ ಬಿತ್ತು.

ಪಾತುವನ್ನು ಈಚೆ ಅವಳ ಚಿಕ್ಕಮ್ಮನ ಮನೆಗೆ ತಂದದ್ದಾಯಿತು. ನನ್ನ ಅತ್ತೆ ಪ್ರೇಮಾವತಿಯವರದ್ದು ಮಾತ್ರ ಕೋಟೆಯಂಥ ಹಠ. ಮಳೆ ಶುರುವಾಗಿತ್ತು. ಸಿಸ್ಟರೂ ನಾನೂ ಸಂಕ ದಾಟಿ ಹೋದಾಗ ಅವರು ಬಾಗಿಲಿಗೇ ಅಡ್ಡ ನಿಂತಿದ್ದರು.

"ಚೊಚ್ಚಲು ತವರಿನಲ್ಲೇ ಆಗಬೇಕು. ನಾಳೆ ಜನ ಎಂತ ಹೇಳಿಯಾರು?"

"ಆಗಲೇಬೇಕು ಅಮ್ಮಾ, ನಾನು ಬೇಡ ಹೇಳಿದೆನಾ? ಅಮ್ಮ ಎಲ್ಲಿದ್ದಾರೋ ಅದೇ ತವರಾದರೆ, ಅಳಿಯನ ಮನೆಗೆ ಬೇಡ, ನೀವು ನಮ್ಮ ಮನೆಗೆ ಬಂದು ಕೂತುಕೊಳ್ಳಿ. ತವರು ಅಲ್ಲಿಗೇ ಬಂತಲ್ಲ?" ಎಂದರು ಸಿಸ್ಟರ್.

ಅತ್ತೆ ಹಿತ್ತಿಲ ಕಡೆ ತಿರುಗಿ ನೋಡಿದರು. "ನನ್ನ ಕೋಳಿಗಳು?"

"ಅವೂ ಬರಲಿ."

ಹಾಗೆ ಒಂದು ತವರುಮನೆ ಸಂಕ ದಾಟಿತು. ಮುಂದೆ ವಸುಮತಿ, ಹಿಂದೆ ಬಾಣಂತಿ ಮದ್ದಿನ ಭರಣಿ ಹೊತ್ತ ಅತ್ತೆ, ಕೊನೆಗೆ ಕೋಳಿಬುಟ್ಟಿ ಹೊತ್ತ ನಾನು. ದಂಡಯಾತ್ರೆಯಿಂದ ಮರಳುವ ಯಾವ ಸೈನ್ಯವೂ ಅಷ್ಟು ಕೊಕ್ಕೊಕ್ಕೋ ಎಂದಿರಲಾರದು. ಕೇಂದ್ರದ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಸಿಸ್ಟರ್ ತಮ್ಮ ಕೋಣೆಯನ್ನೇ ಬಿಟ್ಟುಕೊಟ್ಟರು. ಇಟ್ಟಿ ಚಾಪೆ ಹಿಡಿದು ಜಗಲಿಗೆ ನಡೆದರು.

ಅದೇ ವಾರ ಹೊಳೆ ತುಂಬಿ ಬಂದು ಸಂಕವನ್ನು ಕಡ್ಡಿಯ ಹಾಗೆ ಎತ್ತಿಕೊಂಡು ಹೋಯಿತು. ಮರುದಿನ ವಸುಮತಿಗೆ ನೋವು ಬಂತು. ಮಗು ಅಡ್ಡವಾಗಿತ್ತು. ಸಿಸ್ಟರ್ ಹೊಟ್ಟೆ ಮುಟ್ಟಿ ನೋಡಿದವರೇ ಹಕೀಮನನ್ನು ಕೂಗಿದರು. ಕೆಸರಿನಲ್ಲಿ ಜೀಪು ಹೂತಲ್ಲೆಲ್ಲ ನಾನೂ ಇಟ್ಟಿಯೂ ದೂಡಿದೆವು. ಒಳಗೆ ಸಿಸ್ಟರ್ ವಸುಮತಿಯ ಕೈ ಬಿಡದೆ ಪುತ್ತೂರಿನ ಆಸ್ಪತ್ರೆ ಮುಟ್ಟಿಸಿದರು. ಆಪರೇಷನ್ ಆಯಿತು. ತಾಯಿ ಉಳಿದಳು, ಮಗಳು ಉಳಿದಳು. ಹೊಳೆಯಾಚೆ ಇದ್ದಿದ್ದರೆ ಇಬ್ಬರೂ ಇರುತ್ತಿರಲಿಲ್ಲ. ಇದರಲ್ಲಿ ನನ್ನ ಉತ್ಪ್ರೇಕ್ಷೆ ಒಂದಕ್ಷರವೂ ಇಲ್ಲ.

ಮಗುವನ್ನು ಮನೆಗೆ ತಂದ ಮೇಲೆ ನಾನು ಬಾಳೆಗೊನೆ ಹೊತ್ತು ಸಿಸ್ಟರ ಮುಂದೆ ನಿಂತೆ. ದಾರಿಯುದ್ದಕ್ಕೂ ಭಾಷಣ ಕಟ್ಟಿಕೊಂಡು ಬಂದಿದ್ದೆ. "ಸಿಸ್ಟರ್, ನೀವು ಯಮನನ್ನೇ ಹೊಳೆಯಾಚೆ ನಿಲ್ಲಿಸಿದಿರಿ. ಈ ಋಣ ಏಳು ಜನ್ಮಕ್ಕೂ..." ಎಂದು ಶುರುಮಾಡಿದೆ.

ಅವರು ಬಾಳೆಗೊನೆ ಕೆಳಗಿಳಿಸಿಕೊಂಡರು.

"ಅದೆಲ್ಲ ಇರಲಿ ಮಾರಾಯ್ರೆ. ನಿಮ್ಮ ಅತ್ತೆಯ ಕೋಳಿಗಳನ್ನು ಮೊದಲು ತಕ್ಕೊಂಡು ಹೋಗಿ. ನನ್ನ ಮಂಚದ ಮೇಲೆ ಒಂದು ಕಾವಿಗೆ ಕೂತಿದೆ."