ಎರಡು ಸರ್ಕಾರಗಳ ನಡುವಿನ ಹಳ್ಳ

ರಾಯಲ್ಪಾಡಿನ ಆಚೆ, ಗಡಿಯಲ್ಲಿ, ಒಂದು ಹಳ್ಳವಿತ್ತು. ಈಚೆ ದಡದವರೆಗೆ ಮಹಾರಾಜರ ಸರ್ಕಾರ ಜಲ್ಲಿ ಹಾಕಿಸಿತ್ತು, ಆಚೆ ದಡದಿಂದ ಬ್ರಿಟಿಷರ ಸರ್ಕಾರ ಹಾಕಿಸಿತ್ತು. ನಡುವಿನ ಮರಳಿಗೆ ಯಾರೂ ದಿಕ್ಕಿಲ್ಲ. ನಮ್ಮಪ್ಪನಂಥವರು ಮಾವಿನಕಾಯಿ ಗಾಡಿಯನ್ನು ಆ ಮರಳಿನಲ್ಲೇ ಎಳೆಸಿಕೊಂಡು ಮದನಪಲ್ಲಿ ಸಂತೆಗೆ ಹೋಗಬೇಕು. ಮಳೆ ಬಿದ್ದು ಹಳ್ಳ ಹರಿದರೆ ದಡದಲ್ಲೇ ಕಾಯಬೇಕು. ನೀರು ಇಳಿಯುವಷ್ಟರಲ್ಲಿ ಕಾಯಿ ಕೊಳೆತಿರುತ್ತಿತ್ತು.

ಯುದ್ಧಕ್ಕೆ ಮುಂಚಿನ ಒಂದು ಬೇಸಿಗೆಯಲ್ಲಿ ಎರಡೂ ಸರ್ಕಾರಗಳು ಸೇರಿ ಸಮಿತಿ ಮಾಡಿದವು. ಸಾರಿಗೆ, ಸಹಕಾರ, ಸಂಶೋಧನೆ ಎಂದು ಅದಕ್ಕೆ ಮಾರುದ್ದದ ಹೆಸರು. ಕೆಲಸ ಮಾತ್ರ ಇಷ್ಟೇ: ಓಡಾಡುವ ಗಾಡಿಗಳನ್ನು ಎಣಿಸುವುದು, ಸಾಕಷ್ಟಿದ್ದರೆ ಸೇತುವೆ ಕಟ್ಟುವುದು. ನಮ್ಮ ವಂಶದಲ್ಲಿ ಬಿ.ಎ. ಮಾಡಿದ ಮೊದಲನೆಯವನು ನಾನು. ಪುಕ್ಕಟೆ ಬಂದ ಪದವಿಯಲ್ಲ, ಹಸಿದು ಓದಿದ್ದು. ಕನ್ನಡ, ತೆಲುಗು, ಇಂಗ್ಲಿಷು ಮೂರೂ ಬರುತ್ತವೆಂದು ಎಣಿಸುವ ಕೆಲಸ ನನಗೆ ಸಿಕ್ಕಿತು.

ಊರಿಗೆ ಸುದ್ದಿ ಮುಟ್ಟಿತು. ಹಿಂದೊಮ್ಮೆ ಹುಣಸೆಮರ ಎಣಿಸಿಕೊಂಡು ಹೋದವರು ಮರುವರ್ಷ ಮರಕ್ಕೆ ಕಂದಾಯ ಹಾಕಿದ್ದರು. ಇನ್ನು ಗಾಡಿಗೂ ಬಂತೆಂದು ಎಲ್ಲರೂ ರಸ್ತೆ ಬಿಟ್ಟು, ಮಾವಿನ ತೋಪಿನ ಹಿಂದಿನಿಂದ ಹಳ್ಳ ದಾಟತೊಡಗಿದರು. ಮೊದಲ ಗಾಡಿ ನಮ್ಮಪ್ಪನದೇ.

"ತೆರಿಗೆಗಲ್ಲಪ್ಪಾ, ಸೇತುವೆಗೆ ಎಣಿಸ್ತಿರೋದು. ರಸ್ತೆ ಮೇಲೆ ಬಾ," ಎಂದು ಕೇಳಿಕೊಂಡೆ.

"ಏನ್ಲಾ, ನಿನ್ನ ಓದಿಸಿದ್ದು ನಮ್ಮ ಗಾಡಿ ಎಣಿಸೋಕಾ? ಸರ್ಕಾರದೋರು ಎಣಿಸಿ ಕೊಟ್ಟಿದ್ದು ಎಲ್ಲಾದ್ರೂ ಉಂಟೇನ್ಲಾ? ಎಣಿಸಿ ಕಿತ್ಕೊಂಡಿದ್ದೇ ನಾನು ಕಂಡಿರೋದು."

ಇತ್ತ ಎಂಜಿನಿಯರುಗಳು ಶಾಮಿಯಾನದಡಿ ಎಳನೀರು ಕುಡಿಯುತ್ತ ಕೂತಿದ್ದರು. ಶಾಮಿಯಾನದ ಗೂಟ ಯಾರ ನೆಲದಲ್ಲಿದೆ ಎಂಬ ಚರ್ಚೆಗೇ ಒಂದು ಬೆಳಗು ಹೋಗಿತ್ತು.

"ಸ್ವಾಮಿ, ಗಾಡಿಗಳು ತೋಪಿನ ಹಿಂದೆ ಹೋಗ್ತಿವೆ. ಧೂಳು ನೋಡಿ," ಎಂದು ನಮ್ಮ ಕಡೆಯ ದೊಡ್ಡ ಅಧಿಕಾರಿಗೆ ತೋರಿಸಿದೆ.

ಅವರು ಕತ್ತೆತ್ತಿದರು. ಧೂಳು ಕಂಡಿತು. "ಒಪ್ಪಂದ ಆಗಿರೋದು ರಸ್ತೇಲಿ ಬರೋ ಗಾಡಿಗೆ ಕಣಯ್ಯಾ, ಧೂಳಿಗಲ್ಲ."

ಆಚೆಯವರೂ ತಲೆದೂಗಿದರು. ಎರಡು ಸರ್ಕಾರಗಳು ಜಗಳವಿಲ್ಲದೆ ಒಪ್ಪಿದ ಮಾತು ಅದೊಂದೇ. ಈ ದಾರಿಯಲ್ಲಿ ಸಂಚಾರವಿಲ್ಲ, ಸೇತುವೆ ಅನಾವಶ್ಯಕ, ಜಂಟಿ ಅಧ್ಯಯನ ಮುಂದುವರಿಯಲಿ ಎಂದು ತೀರ್ಮಾನವಾಯಿತು. ಅದನ್ನು ಒಳ್ಳೆಯ ಇಂಗ್ಲಿಷಿನಲ್ಲಿ ಬರೆದುಕೊಡಲು ನನಗೇ ಹೇಳಿದರು.

"ಇಂಥ ಸುಳ್ಳು ಬರೆಯೋಕೆ ನಾನು ಬಿ.ಎ. ಓದಲಿಲ್ಲ, ಸ್ವಾಮಿ," ಎಂದು ಎದ್ದು ಬಂದೆ. ಕೆಲಸ ಅಲ್ಲಿಗೆ ಮುಗಿಯಿತು.

ತೋಪಿನ ಹಿಂದೆ ಅಪ್ಪನ ಗಾಡಿ ಮರಳಿನಲ್ಲಿ ಹೂತು ನಿಂತಿತ್ತು. ಅದರ ಹಿಂದೆ ಉದ್ದಕ್ಕೂ ಗಾಡಿಗಳು.

"ಏನಂತ್ಲಾ ನಿನ್ನ ಸರ್ಕಾರ?"

"ಈ ಕಡೆ ಗಾಡಿಗಳೇ ಇಲ್ಲವಂತೆ. ಸೇತುವೆ ಬೇಡವಂತೆ."

ಅಪ್ಪ ಹಿಂತಿರುಗಿ ಆ ಸಾಲನ್ನು ಒಮ್ಮೆ ನೋಡಿದ.

"ಸರಿ, ಪಂಚೆ ಎತ್ತಿ ಕಟ್ಟು. ಗಾಲಿಗೆ ಹೆಗಲು ಕೊಡು."