ನಿಧಾನದವರು ಮುಂದೆ

ಮಾನ್ಯ ಸಂಪಾದಕರಿಗೂ ಸ್ಮರಣ ಸಂಚಿಕೆಯ ಓದುಗ ಮಹನೀಯರಿಗೂ ವಿನಯಪೂರ್ವಕ ನಮಸ್ಕಾರಗಳು.

ಪ್ರಾರಂಭದಲ್ಲಿಯೇ ನನ್ನ ಕಾಗುಣಿತದ ದೋಷಗಳಿಗೂ ವಕ್ರವಾದ ಕೈಬರಹಕ್ಕೂ ಕ್ಷಮೆ ಕೋರುತ್ತೇನೆ. ಪರೇಲಿನ ಒಂದು ಕಚೇರಿಯ ಟಪಾಲು ವಿಭಾಗದಲ್ಲಿ ಇಂಗ್ಲಿಷ್ ಮತ್ತು ಮರಾಠಿ ಪತ್ರಗಳನ್ನೇ ಬರೆದು ಬರೆದು ನನ್ನ ಕೈ ಹಾಗೆಯೇ ತಿರುಗಿಹೋಗಿದೆ. ಅಚ್ಚಿಗಾಗಿ ಕನ್ನಡದಲ್ಲಿ ಬರೆಯುತ್ತಿರುವುದು ಇದೇ ಮೊದಲು. ಕಚೇರಿ ಪತ್ರದ ಧಾಟಿಯ ಹೊರತು ಬೇರೊಂದು ಧಾಟಿ ನನಗೆ ತಿಳಿಯದು. ನಮ್ಮ ಕನ್ನಡ ಸಂಘದ ಸೈಕಲ್ ಬಳಗದ ದಿವಂಗತ ಕ್ಯಾಪ್ಟನ್ ಅವರ ಬಗ್ಗೆ ಎಲ್ಲ ಸದಸ್ಯರೂ ಬರೆಯಬೇಕೆಂದು ತಾವು ಸೂಚಿಸಿರುವುದರಿಂದ ಬರೆಯುತ್ತಿದ್ದೇನೆ.

ಲವಂಗದ ವಾಸನೆಯಿಂದ ಪ್ರಾರಂಭಿಸುತ್ತೇನೆ. ಏರಿನ ಬುಡ ಬಂದೊಡನೆ ಸದರಿಯವರು ಜೇಬಿನ ಪುಟ್ಟ ಡಬ್ಬಿಯಿಂದ ಒಂದು ಲವಂಗ ತೆಗೆದು ಎಡದವಡೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಏರು ಕಡಿದಾದಂತೆ ಅವರ ಬಿಸಿಯುಸಿರು ಆ ವಾಸನೆಯನ್ನು ಹೊತ್ತು ಬಂದು ನನ್ನ ಕುತ್ತಿಗೆಗೆ ಬಡಿಯುತ್ತಿತ್ತು. ಲವಂಗ ಕಟಕ್ಕೆಂದು ಮುರಿದ ಸದ್ದು ಕೇಳಿತೆಂದರೆ ಮುಂದಿನ ಕ್ಷಣದಲ್ಲಿ ಬೈಗುಳ ಬರುವುದು ಖಚಿತ. ನಾನು ಬೆನ್ನು ಬಿಗಿಮಾಡಿಕೊಳ್ಳುತ್ತಿದ್ದೆ. ಅವರ ಮುಖವನ್ನು ಕಂಡದ್ದಕ್ಕಿಂತ ನನ್ನ ಬೆನ್ನಿನಿಂದ ಅವರನ್ನು ಅರಿತದ್ದೇ ಹೆಚ್ಚು.

ಅವರದು ಜೋಗೇಶ್ವರಿಯಲ್ಲಿ ಒಂದು ಹೋಟೆಲು. ಊರು ಉಡುಪಿಯ ಕಡೆ. ವಯಸ್ಸು ಅರವತ್ತು ದಾಟಿತ್ತು. ಒಣಗಿದ ಹುಣಸೆ ಕೊರಡಿನಂಥ ಕಾಲುಗಳು, ಕಿವಿಯಲ್ಲಿ ಬಿಳಿಯ ಕೂದಲು, ಜಿಪ್ಪು ಕೆಟ್ಟು ಸೇಫ್ಟಿ ಪಿನ್ ಚುಚ್ಚಿದ ಹಳದಿ ಜೆರ್ಸಿ. ಹೋಟೆಲಿನ ಶಟರ್ ತೆರೆಯುವ ಮೊದಲೇ, ಪ್ರತಿ ಭಾನುವಾರ ನಸುಕಿನಲ್ಲಿ, ಬಳಗ ಅಲ್ಲಿ ಸೇರುತ್ತಿತ್ತು. ಆರೇ ಕಾಲೋನಿಯ ದಿಣ್ಣೆಗಳು, ನ್ಯಾಷನಲ್ ಪಾರ್ಕಿನೊಳಗಿನ ಕಾನ್ಹೇರಿ ಗುಹೆಗಳ ರಸ್ತೆ, ಠಾಣೆಯ ಯೇವೂರು ಗುಡ್ಡ, ಇವು ನಮ್ಮ ನಿತ್ಯದ ಏರುಗಳು. ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಖೋಪೋಲಿಯಿಂದ ಖಂಡಾಲಾದವರೆಗೆ ಬೋರ್ ಘಾಟು. ಯಾವುದೇ ಏರಿನ ಬಗ್ಗೆ ಕೇಳಿದರೂ ಅವರು ಅಡುಗೆಮನೆಯ ಭಾಷೆಯಲ್ಲಿಯೇ ಉತ್ತರಿಸುತ್ತಿದ್ದರು.

"ಕಾನ್ಹೇರಿ ಉಂಟಲ್ಲ, ಅದು ಉಪ್ಪಿಟ್ಟು. ಯಾರಿಗೂ ಆಗ್ತದೆ. ಯೇವೂರು ನೀರುದೋಸೆ. ನೋಡ್ಲಿಕ್ಕೆ ಸುಲಭ, ಹೊಯ್ಯುವಾಗ ಗೊತ್ತಾಗ್ತದೆ. ಬೋರ್ ಘಾಟು ಅಂದ್ರೆ ಮದುವೆ ಊಟ ಮಾರಾಯ್ರೆ. ಮಧ್ಯದಲ್ಲಿ ಏಳ್ಲಿಕ್ಕಿಲ್ಲ."

ಬಳಗದಲ್ಲಿ ಅವರು ಮಾಡಿದ ನಿಯಮಗಳು ಈ ಕೆಳಗಿನಂತಿದ್ದವು. ಏರಿನಲ್ಲಿ ಎಲ್ಲರಿಗಿಂತ ನಿಧಾನದವರು ಮುಂದೆ ಇರತಕ್ಕದ್ದು. ಅವರ ಬೆನ್ನಿಗೆ ಕ್ಯಾಪ್ಟನ್. ಉಳಿದವರೆಲ್ಲ ಹಿಂದೆ. ಮುಂದಿನವರನ್ನು ಯಾರೂ ದಾಟತಕ್ಕದ್ದಲ್ಲ. ಮುಂದಿನವರು ನೆಲಕ್ಕೆ ಕಾಲು ಊರಿದರೆ ಎಲ್ಲರೂ ಇಳಿಯತಕ್ಕದ್ದು. ಆ ದಿನ ಆ ಗುಡ್ಡ ಹತ್ತಿಲ್ಲವೆಂದೇ ಲೆಕ್ಕ, ಹಿಂದಿರುಗಿ ಹೋಗತಕ್ಕದ್ದು. ಯಾರೂ ಹಿಂದೆ ಉಳಿದು ಒಬ್ಬಂಟಿಯಾಗಬಾರದೆಂಬುದೇ ಇದರ ಉದ್ದೇಶವೆಂದು ಹಳೆಯ ಸದಸ್ಯರು ಗೌರವದಿಂದ ವಿವರಿಸುತ್ತಿದ್ದರು. ಅವರಲ್ಲಿ ಯಾರೂ ಮುಂದೆ ಇರಬೇಕಾದವರಾಗಿರಲಿಲ್ಲ.

ಧಾರವಾಡದಿಂದ ಬಂದು ಕುರ್ಚಿಯಲ್ಲಿ ಕುಳಿತೇ ಸಕ್ಕರೆ ಕಾಯಿಲೆ ತರಿಸಿಕೊಂಡ ನಾನು ವೈದ್ಯರ ಆದೇಶದ ಮೇರೆಗೆ ಬಳಗ ಸೇರಿದೆ. ಆದುದರಿಂದ ಮುಂದಿನ ಸ್ಥಾನ ಮೊದಲ ದಿನವೇ ನನ್ನದಾಯಿತು. ಯೇವೂರಿನ ಮೊದಲ ತಿರುವಿನಲ್ಲಿ ನಾನು ಕಾಲು ಊರಿದೆ. ಠಾಣೆಯವರೆಗೆ ಬಂದಿದ್ದ ಇಡೀ ಬಳಗ ನನ್ನಿಂದಾಗಿ ಇಳಿದು ಹಿಂದಿರುಗಿತು.

"ಸೈಕಲ್ ಮೇಲೆ ಕೂತದ್ದಾ, ಪರೇಲಿನ ಕುರ್ಚಿ ಮೇಲೆ ಕೂತದ್ದಾ?" ಎಂದು ಕ್ಯಾಪ್ಟನ್ ಎಲ್ಲರೆದುರು ಕೇಳಿದರು. "ನಮ್ಮ ಹೋಟೆಲಿನ ಮೈದಾ ಮೂಟೆ ಸಹ ಇಷ್ಟು ಭಾರ ಇಲ್ಲ. ಅದು ಹೇಳಿದಲ್ಲಿ ಕೂತ್ಕೊಳ್ತದೆ, ಗುಡ್ಡ ಹತ್ತುತ್ತೇನೆ ಅಂತ ಬರೂದಿಲ್ಲ."

ಎಲ್ಲರೂ ನಕ್ಕರು. ಅಂದಿನಿಂದ ನನ್ನ ಹೆಸರು ಒಮ್ಮೆ ಮೂಟೆ, ಒಮ್ಮೆ ಧಾರವಾಡ.

ಒಮ್ಮೆ ನಾನು ಧೈರ್ಯ ತಂದುಕೊಂಡು, "ಎಲ್ಲಾರೂ ಹಿಂದಿನಿಂದ ನೋಡತಾರ್ರೀ. ನನಗ ನಾಚಿಕಿ ಬರತೈತಿ. ಹಿಂದ ಬರತೀನಿ ಬಿಡ್ರಿ," ಎಂದು ನಿವೇದಿಸಿಕೊಂಡೆ.

"ನಿಮ್ಮ ಊರಿನ ರೈಲಿಗೆ ಘಾಟು ಹತ್ತಿಸ್ಲಿಕ್ಕೆ ಕರ್ಜತ್ತಿನಲ್ಲಿ ಹಿಂದಿನಿಂದ ಇಂಜಿನ್ ಹಚ್ಚುದಿಲ್ವಾ? ರೈಲು ಅಳ್ತದಾ? ಹೋಗಿ, ಮುಂದೆ ಹೋಗಿ."

ರೈಲಿನ ಮಾತನ್ನು ಅವರು ಎತ್ತಬಾರದಾಗಿತ್ತು. ನೌಕರಿ ಹುಡುಕಿಕೊಂಡು ಮೊದಲ ಸಲ ಈ ನಗರಕ್ಕೆ ಬಂದಾಗ ಬೋರ್ ಘಾಟಿನಲ್ಲಿ ರೈಲಿನ ಕಿಟಕಿಯಿಂದ ಕೆಳಗೆ ರಸ್ತೆಯ ತಿರುವೊಂದು ಕಂಡಿತ್ತು. ಅದರಲ್ಲಿ ಒಬ್ಬಾತ ಸೈಕಲ್ಲಿನ ಮೇಲೆ ಎದ್ದುನಿಂತು ತುಳಿಯುತ್ತಿದ್ದ. ಅನಂತರ ಊರಿಗೆ ಹೋಗುವಾಗ ಬರುವಾಗ ನಾನು ಅದೇ ಕಿಟಕಿಯ ಬದಿಯನ್ನೇ ಹಿಡಿದಿದ್ದೇನೆ. ಬಳಗ ಸೇರಿದ್ದು ಸಕ್ಕರೆಗಾಗಿ. ಬೈಗುಳ ಸಹಿಸಿ ಉಳಿದದ್ದು ಆ ತಿರುವಿಗಾಗಿ. ಅದನ್ನು ಕಾಲು ಊರದೆ ಹತ್ತಬೇಕೆಂಬುದು ನನ್ನ ಏಕಮಾತ್ರ ಆಸೆಯಾಗಿತ್ತು.

ಕ್ಯಾಪ್ಟನ್ ಸತತ ಎರಡು ಚಳಿಗಾಲ ನನ್ನನ್ನು ಬೋರ್ ಘಾಟಿಗೆ ಕರೆದೊಯ್ಯಲು ನಿರಾಕರಿಸಿದರು. ಮೊದಲ ಸಲ ನಾನು ಆಕ್ಷೇಪಿಸಲಿಲ್ಲ, ನಿರಾಕರಣೆ ನ್ಯಾಯವಾಗಿತ್ತು. ಎರಡನೆಯ ಸಲ ಹಾಗಿರಲಿಲ್ಲ. ಅಷ್ಟರಲ್ಲಿ ನಾನು ಕಾನ್ಹೇರಿ, ಯೇವೂರು ಎರಡನ್ನೂ ಎಷ್ಟೋ ಸಲ ಕಾಲು ಊರದೆ ಹತ್ತಿದ್ದೆ.

"ಈ ಸಲವೂ ಬೇಡ," ಎಂದರು. "ನೀವು ಟ್ರೈನಲ್ಲಿ ಲೋಣಾವಳಾಕ್ಕೆ ಬನ್ನಿ. ಚಿಕ್ಕಿ ತಿಂತಾ ಕೂತಿರಿ. ನಾವು ಬರ್ತೇವೆ."

"ಯಾಕ್ರೀ? ಕಾರಣ ಹೇಳ್ರಿ."

"ಕಾರಣ ಎಂತ ಮಣ್ಣು? ನಾನು ಹೇಳಿದೆ, ಅದೇ ಕಾರಣ."

ಕಾರಣ ತಿಳಿದದ್ದು ಮರುವರ್ಷ, ಮಳೆ ನಿಂತ ಮೇಲೆ, ಯೇವೂರಿನಲ್ಲಿ. ಎಂದಿನಂತೆ ನಾನು ಮುಂದಿದ್ದೆ. ಹಿಂದಿನಿಂದ "ಒತ್ತಿ, ಒತ್ತಿ" ಎಂಬ ಕೂಗು ಬರಬೇಕಾದ ಜಾಗದಲ್ಲಿ "ಎಂತದು ಅವಸರ? ಬೆಂಕಿ ಬಿದ್ದಿದೆಯಾ?" ಎಂಬ ಕೂಗು ಬಂತು. ಸ್ವಲ್ಪ ಹೊತ್ತಿನಲ್ಲಿ ಅದೂ ನಿಂತಿತು. ಕುತ್ತಿಗೆಯ ಹಿಂದೆ ಲವಂಗದ ವಾಸನೆ ಇಲ್ಲದ್ದು ನನ್ನ ಗಮನಕ್ಕೆ ಬಂದು ತಿರುಗಿ ನೋಡಿದೆ. ಕ್ಯಾಪ್ಟನ್ ಕೆಳಗಿನ ತಿರುವಿನಲ್ಲಿದ್ದರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು, ಬಾಯಿ ತೆರೆದಿತ್ತು. ಅವರ ಹಿಂದೆ ಇಡೀ ಬಳಗ, ಯುವಕರೂ ಸೇರಿದಂತೆ, ಏನೂ ಆಗಿಲ್ಲವೆಂಬಂತೆ ಮರಗಳನ್ನು ನೋಡುತ್ತ ತೆವಳುತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಬಹುಕಾಲದಿಂದ ಗೊತ್ತಿತ್ತು. ಮುಂದೆ ನಾನು ತೆವಳುವವರೆಗೆ ನನ್ನ ಬೆನ್ನಿಗಿದ್ದವರ ವಯಸ್ಸು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಬೋರ್ ಘಾಟಿನಲ್ಲಿ ಮುಂದೆ ಇರಲು ಅವರು ಪ್ರತಿವರ್ಷ ಯಾರಾದರೊಬ್ಬ ಹೊಸಬನನ್ನು ಹುಡುಕಿಕೊಂಡಿದ್ದರು. ಎರಡನೆಯ ಸಲವೂ ನನ್ನನ್ನು ಮಾತ್ರ ಕರೆಯಲಿಲ್ಲ, ಏಕೆಂದರೆ ಅಷ್ಟರಲ್ಲಿ ನಾನು ಅವರಿಗಿಂತ ವೇಗವಾಗಿ ಹತ್ತತೊಡಗಿದ್ದೆ; ನಾನು ಮುಂದಿದ್ದರೆ ಅವರು ಹಿಂದೆ ಬೀಳುವುದು ಬಯಲಾಗುತ್ತಿತ್ತು.

ಗುಡ್ಡದ ಮೇಲೆ ಅವರು ಬಂದು ಸೇರಿದ ಮೇಲೆ ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ: "ಕ್ಯಾಪ್ಟನ್‌ರ, ನೇಮದ ಪ್ರಕಾರ ಇನ್ನ ಮ್ಯಾಲೆ ನೀವು ಮುಂದ ಇರಬೇಕ್ರಿ."

ಬಳಗದಲ್ಲಿ ಒಬ್ಬ ಬ್ಯಾಂಕ್ ಅಧಿಕಾರಿ ಇದ್ದಾರೆ. ಇಲ್ಲಿಯೇ ಹುಟ್ಟಿ ಬೆಳೆದವರು, ಜಗಳವೆಂದರೆ ಭಯ. ಅವರು ನಡುವೆ ಬಂದು, "ಅರೇ ಜಾನೇ ದೋ ಯಾರ್, ಸರ್‌ದು ಆಜ್ ತಬಿಯತ್ ಠೀಕ್ ಇಲ್ಲ. ನೆಕ್ಸ್ಟ್ ಸಂಡೇ ನೋಡುವ," ಎಂದರು.

"ತಬಿಯತ್ತು ಸರಿ ಉಂಟು," ಎಂದು ಕ್ಯಾಪ್ಟನ್ ಲವಂಗ ಉಗಿದರು. ನನ್ನ ಕಡೆ ತಿರುಗಿದಾಗ ಬಹುವಚನ ಬಿಟ್ಟಿದ್ದರು. "ನಿನಗೆ ಬೋರ್ ಘಾಟು ಬೇಕಲ್ಲ? ಬಾ. ನಾನು ಮುಂದೆ ಇರ್ತೇನೆ. ನನ್ನ ಹಿಂದೆ ನೀನೇ ಇರ್ಬೇಕು. ನಾನು ಕಾಲು ಕೆಳಗೆ ಹಾಕಿದ್ರೆ ನಿಂದೂ ಹೋಯ್ತು."

ಇದರಲ್ಲಿ ಅವರು ಹೇಳಿದ್ದು ನಿಜವಾಗಿತ್ತು. ನನ್ನ ಘಾಟು ಈಗ ಸಂಪೂರ್ಣವಾಗಿ ಅವರ ಕಾಲುಗಳ ಮೇಲೆ ನಿಂತಿತ್ತು.

ಬಟಾಟೆ ಈರುಳ್ಳಿ ಸಾಗಿಸುವ ಹೋಟೆಲಿನ ಟೆಂಪೋದಲ್ಲಿ ಸೈಕಲ್ಲುಗಳನ್ನು ಹೇರಿಕೊಂಡು ನಾವು ಖೋಪೋಲಿಗೆ ಹೋದೆವು. ಹಳೆಯ ರಸ್ತೆಯ ಬುಡದಲ್ಲಿ ಅವರು ಲವಂಗ ಬಾಯಿಗಿಟ್ಟು, ಯಾರ ಮುಖವನ್ನೂ ನೋಡದೆ ಹೊರಟರು. ಅವರ ಹಿಂಗಾಲಿಯ ಬೆನ್ನಿಗೆ ನನ್ನ ಮುಂಗಾಲಿ. ಮೊದಲ ಬಾರಿಗೆ ನಾನು ಅವರ ಬೆನ್ನನ್ನು ನೋಡಿದೆ. ಹಳದಿ ಜೆರ್ಸಿಯೊಳಗೆ ಬೆನ್ನುಮೂಳೆ ಒಂದೊಂದಾಗಿ ಎಣಿಸುವಂತಿತ್ತು. ಲಾರಿ ಚಾಲಕರು ನಾಣ್ಯ ಎಸೆದು ಕೈಮುಗಿಯುವ ಪುಟ್ಟ ಗುಡಿಯವರೆಗೂ ಅವರು ಹೇಗೋ ಎಳೆದರು. ಅದರ ಮೇಲಿನ ತಿರುವಿನಲ್ಲಿ ಅವರ ಸೈಕಲ್ಲು ಹಾವಿನಂತೆ ಹೊರಳತೊಡಗಿತು. ಎಡಗಾಲಿನ ಹಿಮ್ಮಡಿ ಹೊರಕ್ಕೆ ತಿರುಗಿತು. ಪೆಡಲಿಗೆ ಸಿಕ್ಕಿಸಿದ ಬೂಟನ್ನು ಬಿಡಿಸಿ ನೆಲಕ್ಕೆ ಇಡುವ ಮೊದಲು ಎಲ್ಲರ ಹಿಮ್ಮಡಿಯೂ ಹಾಗೆಯೇ ತಿರುಗುತ್ತದೆ.

"ಕಾಲ ಇಳಿಸಬ್ಯಾಡ್ರಿ!" ಎಂದು ನಾನು ಕೂಗಿದೆ. "ಇಳಿಸಿದರ ನೋಡ್ರಿ ಮತ್ತ!"

"ಎಂತ ಮಾಡ್ತೀಯ? ಟಪಾಲು ಹಾಕ್ತೀಯಾ?"

"ಖಂಡಾಲಾದಾಗ ನಿಂತು ಎಲ್ಲಾರಿಗೂ ಹೇಳತೀನಿ! ಗಲ್ಲಾದ ಮ್ಯಾಲೆ ಕುಂತು ಹುಕುಂ ಮಾಡೂದಷ್ಟ ಬರತೈತಿ, ಇವರಿಗೆ ಘಾಟ ಬರೂದಿಲ್ಲ ಅಂತ!"

"ನಿನ್ನ ಬಾಯಿಗೆ ಕೆಂಡ ಹಾಕ! ಮೂಟೆ! ದರಿದ್ರ ಮೂಟೆ!"

"ಮೂಟಿ ನಿಮ್ಮ ಹಿಂದನ ಐತ್ರಿ, ನಿಂತಿಲ್ಲ! ತುಳೀರಿ!"

ಹಿಂದಿನಿಂದ ಆ ಬ್ಯಾಂಕ್ ಅಧಿಕಾರಿ "ಬಸ್ ಕರೋ, ಬಸ್ ಕರೋ, ಇಬ್ಬರೂ ಸಾಯ್ತೀರಿ," ಎಂದು ಗೋಗರೆಯುತ್ತಿದ್ದರು. ನಾನು ನಿಲ್ಲಿಸಲಿಲ್ಲ. ನನಗೆ ತಿಳಿದಿದ್ದ ಬೈಗುಳಗಳೆಲ್ಲ ಮುಗಿದ ಮೇಲೆ ಅವರಿಂದಲೇ ಕಲಿತವನ್ನು ಬಳಸಿದೆ. ಅವರು ತುಳುವಿನಲ್ಲಿ ಏನೇನೋ ಅಂದರು. ಅರ್ಥವಾಗದಿದ್ದುದು ಇಬ್ಬರಿಗೂ ಒಳ್ಳೆಯದಾಯಿತು. ಆದರೆ ಹಿಮ್ಮಡಿ ಒಳಕ್ಕೆ ತಿರುಗಿತು. ಬೈಯುವುದಕ್ಕೆ ಉಸಿರು ಬೇಕಾಗುತ್ತದೆ. ಎಲ್ಲಿಂದಲೋ ಆ ಉಸಿರನ್ನು ತಂದರು, ಅದರಲ್ಲಿಯೇ ಪೆಡಲನ್ನೂ ತುಳಿದರು. ರೈಲಿನ ಕಿಟಕಿಯಿಂದ ಕಾಣುತ್ತಿದ್ದ ನನ್ನ ತಿರುವು ಯಾವಾಗ ಬಂದು ಯಾವಾಗ ಹೋಯಿತೋ ನನಗೆ ತಿಳಿಯಲಿಲ್ಲ. ಅದನ್ನು ನೋಡುವ ಪುರಸೊತ್ತು ಇರಲಿಲ್ಲ.

ಖಂಡಾಲಾದ ಚಹಾದಂಗಡಿಯ ಎದುರು ಅವರು ಕಾಲು ಊರಿದರು. ನಾನೂ ಊರಿದೆ. ಬಹಳ ಹೊತ್ತು ಹ್ಯಾಂಡಲ್ಲಿನ ಮೇಲೆ ತಲೆಯಿಟ್ಟು ನಿಂತಿದ್ದ ಅವರು, ಆಮೇಲೆ ಡಬ್ಬಿ ತೆಗೆದು ಬಳಗದ ಪ್ರತಿಯೊಬ್ಬರ ಕೈಗೂ ಒಂದೊಂದು ಲವಂಗ ಹಾಕುತ್ತ ಬಂದರು. ನನ್ನ ಮುಂದೆ ಬಂದಾಗ ಡಬ್ಬಿ ಮುಚ್ಚಿ ಜೇಬಿಗೆ ಹಾಕಿಕೊಂಡರು.

ನಾವು ರಾಜಿಯಾದೆವೆಂದು ಕೆಲವರು ಪ್ರಚಾರ ಮಾಡಿದ್ದಾರೆ. ಅದು ಸತ್ಯಕ್ಕೆ ದೂರವಾದುದು. ಅನಂತರದ ಭಾನುವಾರಗಳಲ್ಲಿ ಅವರು ಯಾರೂ ಹೇಳದೆಯೇ ಮುಂದೆ ಹೋಗಿ ನಿಲ್ಲುತ್ತಿದ್ದರು. ನಾನು ಅವರ ಬೆನ್ನಿಗೆ ನಿಂತು ಬೈಯುತ್ತಿದ್ದೆ, ಅವರು ಮುಂದಿನಿಂದ ಬೈಯುತ್ತಿದ್ದರು. ಹೋಟೆಲಿನಲ್ಲಿ ಎಲ್ಲರಿಗೂ ಬಿಸಿ ಇಡ್ಲಿ ಬಂದರೆ ನನಗೆ ಆರಿದ್ದು ಬರುತ್ತಿತ್ತು. ನಾನೂ ಅವರ ಆರೋಗ್ಯವನ್ನು ಒಮ್ಮೆಯೂ ವಿಚಾರಿಸಲಿಲ್ಲ. ಈ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ, ಅವರಿಗೂ ಇದ್ದಿರಲಾರದು.

ಈ ಮಳೆಗಾಲದಲ್ಲಿ ಅವರಿಗೆ ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದರೂ ಇಳಿಯಲಿಲ್ಲ. ತೀರಿಕೊಂಡ ಸುದ್ದಿ ತಿಳಿದಾಗ ನಾನು ಕಚೇರಿಯಲ್ಲಿದ್ದೆ. ರಜೆ ಕೇಳದೆ ಎದ್ದು ಲೋಕಲ್ ಹಿಡಿದೆ. ಜೋಗೇಶ್ವರಿ ಬಂದದ್ದೂ ತಿಳಿಯದೆ ಬೋರಿವಲಿಯವರೆಗೆ ಹೋಗಿ ಹಿಂದಿರುಗಿದೆ. ಇದನ್ನು ದುಃಖವೆಂದು ದಾಖಲಿಸಬಾರದಾಗಿ ವಿನಂತಿ.

ಸಂಘದ ಸಭಾಗೃಹದಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಮಾತನಾಡಿದವರೆಲ್ಲ ಅವರ ಮೃದು ಸ್ವಭಾವವನ್ನು ಕೊಂಡಾಡಿದರು. ಸಭೆ ಮುಗಿದ ಮೇಲೆ ಅವರ ಪತ್ನಿ ನನ್ನನ್ನು ಗುರುತಿಸಿ ಹತ್ತಿರ ಕರೆದರು.

"ಧಾರವಾಡದವರು ನೀವೇ ಅಲ್ವಾ? ಮನೆಯಲ್ಲಿ ದಿನಾ ನಿಮ್ಮದೇ ಸಹಸ್ರನಾಮ."

"ಬೈತಿದ್ರೇನ್ರಿ, ತಾಯಿ?"

"ಬೈಯುದಾ! ಆಸ್ಪತ್ರೆಯಲ್ಲಿ ಸಹ ಬಿಡ್ಲಿಲ್ಲ. ಎಲ್ಲರೂ ಇವರಿಗೆ, ನಿಮಗೆ ವಯಸ್ಸಾಯ್ತು, ಇನ್ನು ಸೈಕಲ್ ಬಿಟ್ಟು ಆರಾಮ ಮಾಡಿ ಅಂತಿದ್ರು. ಇವರು ಹೇಳ್ತಿದ್ರು, 'ಘಾಟಿನಲ್ಲಿ ಅರ್ಧಕ್ಕೇ ಇಳೀತಿದ್ದೆ ಮಾರಾಯ್ತಿ. ಆ ದರಿದ್ರದವನಿಗೆ ಆ ಖುಷಿ ಕೊಡ್ಬಾರ್ದು ಅಂತ ಹತ್ತಿದೆ.'"

ನಾನು ಅವರ ಸೋಲನ್ನು ಬಯಸಿರಲಿಲ್ಲ; ನನ್ನ ಘಾಟು ಕೆಡಬಾರದೆಂದಷ್ಟೇ ಕೂಗಿದ್ದೆ. ಅವರು ಅದನ್ನು ಬೇರೆಯಾಗಿ ತಿಳಿದಿದ್ದರು. ತಿದ್ದಿ ಹೇಳಲು ಈಗ ಅವಕಾಶವಿಲ್ಲ. ಆ ತಪ್ಪು ತಿಳಿವಳಿಕೆಯ ಬಲದಿಂದಲೇ ಉಭಯರೂ ಖಂಡಾಲಾ ತಲುಪಿದೆವೆಂಬುದನ್ನು ಒಪ್ಪಿಕೊಳ್ಳಬೇಕಾಗಿದೆ. ನನ್ನ ವೈದ್ಯರು ಈಚೆಗೆ ಮಾತ್ರೆ ಕಡಿಮೆ ಮಾಡಿದ್ದಾರೆ. ಅದು ಕ್ಯಾಪ್ಟನ್ ಅವರಿಂದಲೇ ಆಯಿತೆಂದು ಬರೆದುಕೊಡಲು ಸಿದ್ಧನಿದ್ದೇನೆ. ಕೃತಜ್ಞತೆ ಎಂಬ ಶಬ್ದವನ್ನು ಮಾತ್ರ ಬರೆಯಲಾರೆ. ಬರೆದರೆ ಅವರೇ ಎದ್ದು ಬಂದು ಹರಿದುಹಾಕಿಯಾರು.

ಕೊನೆಯದಾಗಿ ಒಂದು ಆಕ್ಷೇಪಣೆ ಇದೆ. ಸಂಚಿಕೆಯಲ್ಲಿ ಅವರ ಭಾವಚಿತ್ರದ ಕೆಳಗೆ 'ಅಜಾತಶತ್ರು' ಎಂದು ಮುದ್ರಿಸಲಾಗುವುದೆಂದು ತಿಳಿದುಬಂದಿದೆ. ಶತ್ರುವೇ ಹುಟ್ಟದವರು ಎಂದು ಅದರ ಅರ್ಥ. ಮಾನ್ಯರೇ, ನಾನು ಹುಟ್ಟಿದ್ದೇನೆ. ಜೋಗೇಶ್ವರಿ ಪೂರ್ವದಲ್ಲಿ ವಾಸವಾಗಿದ್ದೇನೆ. ಬಳಗದವರೆಲ್ಲ ಸ್ನೇಹದಿಂದ ಅವರನ್ನು ಮನೆಯಲ್ಲಿ ಕೂರಿಸಲು ಹೊರಟಿದ್ದಾಗ ಅವರನ್ನು ಘಾಟು ಹತ್ತಿಸಿದವನು ನಾನೊಬ್ಬನೇ. ಅವರು ಬಹಳ ಶ್ರಮಪಟ್ಟು ಸಂಪಾದಿಸಿದ ಒಬ್ಬ ಶತ್ರುವನ್ನು ಅವರ ಮರಣಾನಂತರ ಅವರಿಂದ ಕಿತ್ತುಕೊಳ್ಳುವುದು ನ್ಯಾಯವಲ್ಲ. ಸದರಿ ಪದವನ್ನು ತೆಗೆದುಹಾಕಬೇಕಾಗಿ ಕೋರುತ್ತೇನೆ.

ಈ ಬರಹದಲ್ಲಿ ಕಂಡುಬರುವ ಅಕ್ಷರದೋಷ, ವಾಕ್ಯದೋಷಗಳನ್ನು ಓದುಗ ಮಹನೀಯರು ದೊಡ್ಡ ಮನಸ್ಸು ಮಾಡಿ ತಿದ್ದಿಕೊಳ್ಳಬೇಕು. ಬೈಗುಳಗಳು ದೋಷವಲ್ಲ, ಅವನ್ನು ಇದ್ದಂತೆಯೇ ಬಿಡಬೇಕಾಗಿ ಪ್ರಾರ್ಥನೆ.