ಮಗ್ಗದ ಕಾಕಾನ ಸೊಟ್ಟ ಸಮುದ್ರ

ಚಾದ ಕಪ್ಪು ಬಾಯಿಗೆ ಮುಟ್ಟೂದ್ರಾಗ ಅರ್ಧ ಚಾ ಕೆಳಗಿನ ಬಸಿಗೆ ಬಿದ್ದಿತ್ತು. ಬಲಗೈ ಅಷ್ಟು ನಡಗತಿತ್ತು. ಕಾಕಾ ಎರಡೂ ಕೈಲೆ ಬಸಿ ಎತ್ತಿ, ಬಿದ್ದ ಚಾನೂ ಸುರ್ರಂತ ಕುಡದು, "ಬಸೀಗೂ ನೀರಡಿಕಿ ಆಗಿರ್ತೈತಿ" ಅಂದ್ರು. ಕುಡಚಿ ಸ್ಟೇಷನ್ನಿನ ಬಾಕಿನ ಮ್ಯಾಲ ಕುಂತು ನಾ ಆ ಕೈ ಮೊದಲ ಸಲ ನೋಡಿದೆ. ನನ್ನ ಕಪ್ಪು ಕೆಳಗಿಟ್ಟೆ. ಯಾಕಂದ್ರ ಆ ಕೈ ತಗದ ಫೋಟೋಗಳ ಚ್ಯಾಷ್ಟಿ ನಾ ಒಂದ ವರ್ಷದಿಂದ ಮಾಡಾಕತ್ತಿದ್ದೆ.

ಫೋನಿನ್ಯಾಗ ನಮ್ಮದೊಂದು ತಿರಗಾಡೋರ ಗ್ರೂಪ್ ಇತ್ತು. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ರಾಯಬಾಗ ಕಡೆ ಮಂದಿ. ಒಬ್ಬರ ಮಾರಿ ಒಬ್ರು ನೋಡಿದ್ದು ಕಡಿಮಿ. ಎಲ್ಲೆರೆ ಹೋದ್ರ ಫೋಟೋ ಹಾಕೂದು, ಉಳದವ್ರು ಕಾಲ ಎಳಿಯೂದು. ಈ ಕಾಕಾ ಬೋರಗಾಂವದಾಗ ಮೂವತ್ತ ವರ್ಷ ಪಾವರ್‌ಲೂಮ್ ನಡಿಸಿದವ್ರು, ಅದಕ್ಕ ಎಲ್ಲಾರೂ ಮಗ್ಗದ ಕಾಕಾ ಅಂತಿದ್ವಿ. ಅವರ ಫೋಟೋ ಒಂದೂ ನೆಟ್ಟಗಿರ್ತಿರಲಿಲ್ಲ. ವಿಜಾಪುರದ ಗುಮ್ಮಟ ವಾಲಿತ್ತು, ಪನ್ಹಾಳದ ಕಿಲ್ಲೆ ಎರಡೆರಡ ಕಾಣತಿತ್ತು. ನಾ ಮೊದಲ ಬಾಯಿಬಡಕಿ. "ಕಾಕಾ, ಭೂಕಂಪ ಆಗಿತ್ತೇನ್ರಿ?" ಅಂತ ಬರದೆ. ಕಾಕಾ ತಿರುಗಿ ಬರದ್ರು: "ಹೌದ ಬೇ. ನನ್ನ ಕೂಡಾನ ಬರ್ತೈತಿ, ಟಿಕೀಟ ತಗಸಂಗಿಲ್ಲ." ಇಡೀ ಗ್ರೂಪ್ ನಕ್ಕಿತು.

ನಾನು, ನಮ್ಮ ಮನಿಯವ್ರು ಗೋವಾಕ್ಕ ಹೊಂಟೇವಿ ಅಂದಾಗ ಕಾಕಾ "ನಾ ಸಮುದ್ರ ನೋಡಿಲ್ಲ, ನಿಮ್ಮ ಜೋಡಿ ಬರ್ತೇನಿ" ಅಂದ್ರು. ಹಂಗ ಕುಡಚ್ಯಾಗ ಭೆಟ್ಟಿ ಆತು.

"ಕೈ ಹಿಂಗೈತಿ ಅಂತ ಯಾಕ ಹೇಳಲಿಲ್ರಿ?" ಅಂದೆ.

"ಹೇಳಿದ್ರ ನೀವೂ ನಗೂದ ಬಿಡತೀರಿ. ನಮ್ಮ ಮನ್ಯಾಗ ಎಲ್ಲಾರೂ ಬಿಟ್ಟಾರ. ಪಾಪ, ಪಾಪ ಅಂತ ತುತ್ತ ಮಾಡಿ ಬಾಯಾಗ ಇಡಾಕ ಬರ್ತಾರ. ಹರದ ನೂಲಿಗೆ ಗಂಟ ಹಾಕಾಕ ಬರವಲ್ದು ಅಂತ ಮಗ್ಗ ಬಿಡಿಸಿದ್ರು. ಫೋಟೋ ಮಾತ್ರ ನಾ ಬಿಡೂದಿಲ್ಲ. ಗ್ರೂಪಿನ್ಯಾಗ ಬಾಯಿ ಬಿಟ್ಟಿ ಅಂದ್ರ ನೋಡ ಮತ್ತ!"

ಬಾಯಿ ಬಿಡಲಿಲ್ಲ. ಅದಕಿಂತ ದೊಡ್ಡ ತಪ್ಪ ಮಾಡಿದೆ. ಸಮುದ್ರದ ದಂಡ್ಯಾಗ ಕಾಕಾ ಫೋನ್ ನನ್ನ ಕೈಯಾಗ ಕೊಟ್ಟು, ದೋತರ ಮ್ಯಾಲ ಕಟಗೊಂಡು ನೀರಿಗೆ ಇಳದ್ರು. ನಾ ಆ ಫೋನಿಲೆ ನೆಟ್ಟಗೊಂದು ಫೋಟೋ ತಗದು, ಅವರದ ಅನ್ನೂವಂಗ ಗ್ರೂಪಿಗೆ ಹಾಕಿಬಿಟ್ಟೆ. ಪುಣ್ಯೇದ ಕೆಲಸ ಅಂದಕೊಂಡಿದ್ದೆ. "ವಾ ಕಾಕಾ! ಕೈ ಪಳಗಿತು!" ಅಂತ ಮೆಸೇಜ ಬರಾಕತ್ವು. ಅಥಣಿಯ ಮಾಸ್ತರೊಬ್ರು ಮಾತ್ರ "ಇದು ಕಾಕಾಂದಲ್ಲ ಬಿಡ್ರಿ" ಅಂದ್ರು.

ಕಾಕಾ ಬಂದು ನೋಡಿದ್ರು. ಮಾರಿ ಸಣ್ಣದಾತು. "ಸಮುದ್ರ ನೋಡಾಕ ನಾ ಬಂದೇನೋ, ನೀ ಬಂದಿಯೋ?" ಅಂದ್ರು. ಫೋಟೋ ಅಳಿಸಿದ್ರು. ಮೊಣಕಾಲತನ ನೀರಾಗ ನಿಂತು, ಮೊಣಕೈ ಎರಡೂ ಪಕ್ಕಡಿಗೆ ಒತ್ತಿ ತಾವ ತಗದ್ರು. ಅಳಿಸಿದ್ರು. ಮತ್ತ ತಗದ್ರು. ನಮ್ಮ ಮನಿಯವ್ರು "ಹೊತ್ತ ಮುಳಗತೈತ್ರಿ, ನಡೀರಿ" ಅಂದ್ರ, "ಮುಳಗಲಿ, ಅದರದ್ದೂ ಒಂದ ಹೊಡಿತೇನಿ" ಅಂದ್ರು. ಕಡೀಕ ಹಾಕಿದ ಫೋಟೋದಾಗ ಸಮುದ್ರ ಎಡಕ್ಕ ಜಾರಿತ್ತು, ಸೂರ್ಯ ಮೂರಾಗಿದ್ದ.

ಕಾಕಾ ನನ್ನ ಮಾರೀನ ನೋಡಾಕತ್ತಿದ್ರು. ಚಂದ ಬಂದೈತಿ ಅಂತ ಬರದಿದ್ರ ಅವತ್ತ ನನ್ನ ಜೋಡಿ ಮಾತ ಬಿಡತಿದ್ರು, ಗ್ಯಾರಂಟಿ. ನಾ ಗ್ರೂಪಿನ್ಯಾಗ ಬರದೆ: "ಕಾಕಾ, ಸಮುದ್ರ ಚೆಲ್ಲಾಕತ್ತೈತಿ, ಬಸಿ ಹಿಡೀರಿ!"

ಕಾಕಾ ನೀರಾಗ ನಿಂತ ಹೊಟ್ಟಿ ಹಿಡಕೊಂಡು ನಕ್ರು. "ನೀ ಬಾಳ ಕೆಟ್ಟ ಹೆಂಗಸ ಬೇ" ಅಂದ್ರು.

ಆಮ್ಯಾಗ ಮೂರ ವರ್ಷ ತಿರಗಿದ್ರು. ಕೈಗೆ ಕೋಲ ಬಂತು, ತಿರಗೂದ ಬಿಡಲಿಲ್ಲ. ಕಾಲೂ ಕೈ ಬಿಟ್ಟ ಮ್ಯಾಲ ಹಾಸಿಗ್ಯಾಗ ಮಲಕೊಂಡು ತಗದ ಮನೀ ಜಂತಿ ಫೋಟೋ ಬಂತು, ಅದೂ ಸೊಟ್ಟ. "ಇವತ್ತಿನ ಪ್ರವಾಸ ಇಲ್ಲೀತನಕ" ಅಂತ ಬರದಿದ್ರು. ನಾ ಬಿಡತೇನೇನು? "ಊಟ, ವಸ್ತಿ ಛಲೋ ಐತೇನ್ರಿ?" ಅಂದೆ.

"ಊಟ ಸಪ್ಪಗ. ಹೊಟೇಲಿನವ್ರು ಬಾಳ ಪಾಪ ಅಂತಾರ."

ಕಾಕಾ ತೀರಕೊಂಡ ದಿನ ಗ್ರೂಪ್ ತುಂಬ ಕೈಮುಗದ ಚಿತ್ರ. ನಾ ಆ ಸೊಟ್ಟ ಸಮುದ್ರ ಹುಡಿಕಿ ಹಾಕಿ, ಕೆಳಗ ಬರದೆ: ಬಸಿ ಹಿಡೀರಿ. "ಇಂಥಾ ಹೊತ್ತಿನ್ಯಾಗ ಚ್ಯಾಷ್ಟಿ ಏನ್ರಿ ಅಕ್ಕಾರ?" ಅಂತ ಮಾಸ್ತರ ಬೈದ್ರು. ಬೈಸಿಕೊಂಡೆ. ಕಾಕಾನ ಕೈ ನಡಗೂ ಮಾತ ಅವತ್ತೂ ಹೇಳಲಿಲ್ಲ.

ಈಗ ಬರದೇನಿ. ಈಗ ನೀವು ಪಾಪ ಅಂದ್ರೂ ಕಾಕಾಗ ಕೇಳಸಂಗಿಲ್ಲ.